ಸೆಪ್ಟೆಂಬರ್ 30ರ ಫಾರಂ, ಏಣಿಯಿಲ್ಲದ ಚಿಮಣಿ ಮತ್ತು ಪಕ್ಕದ ಮಲ್ಲಿಗೆ ತೋಟ

ಅಣ್ಣಾ, ನಮ್ಮದು ಹೂವಿನಹಡಗಲಿ ತಾಲ್ಲೂಕು. ಹೊಳೆಯ ಕಡೆಗೆ ನಮ್ಮದೊಂದು ರೈಸ್ ಮಿಲ್ ಇದೆ, ಮಾವನವರು ಕಟ್ಟಿದ್ದು. ಅವರಿಗೆ ಲಕ್ವಾ ಹೊಡೆದು ಮಲಗಿದ ಮೇಲೆ ಮಿಲ್ಲಿನ ಲೆಕ್ಕಪತ್ರ ನನ್ನ ಕೈಗೆ ಬಂದಿದೆ. ನಾನು ಬಿ.ಕಾಂ. ಓದಿದವಳು. ಜಿಎಸ್‌ಟಿ, ಕರೆಂಟ್ ಬಿಲ್ಲು, ಕೂಲಿ ಬಟವಾಡೆ ಇವೆಲ್ಲ ನನಗೆ ತೊಡಕಲ್ಲ. ತೊಡಕಾಗಿರುವುದು ಮಾಲಿನ್ಯ ಮಂಡಳಿಯ ಫೈಲು.

ಸ್ಟೀಮ್ ಅಕ್ಕಿ ಮಾಡಲು ನಮ್ಮಲ್ಲಿ ಒಂದು ಸಣ್ಣ ಬಾಯ್ಲರ್ ಇದೆ, ಹೊಟ್ಟು ಉರಿಸುತ್ತೇವೆ. ದಿನಕ್ಕೆ ಹತ್ತು ತಾಸು, ತಾಸಿಗೆ ಸುಮಾರು ಎರಡು ಕ್ವಿಂಟಲ್ ಹೊಟ್ಟು, ವರ್ಷಕ್ಕೆ 240 ದಿನ ಎಂದು ನಮ್ಮ ಬಾಯ್ಲರ್ ಅಟೆಂಡೆಂಟ್ ಹೇಳುತ್ತಾನೆ. ಮಿಲ್ಲು ನಡೆಸಲು ಮಂಡಳಿ ಕೊಡುವ ಸಮ್ಮತಿ, ಅಂದರೆ ಸಿಎಫ್‌ಓ ಪತ್ರದ ಷರತ್ತುಗಳಲ್ಲಿ ‘ಪ್ರತಿ ವರ್ಷ ಸೆಪ್ಟೆಂಬರ್ 30ರೊಳಗೆ ಫಾರಂ 5ರಲ್ಲಿ ಪರಿಸರ ಹೇಳಿಕೆ ಸಲ್ಲಿಸತಕ್ಕದ್ದು’ ಎಂದಿದೆ. ಫೈಲಿನಲ್ಲಿ ಸಿಕ್ಕಿದ್ದು ಒಂದೇ ಹಳೆಯ ಪ್ರತಿ. ಅದರಲ್ಲಿ ಚಿಮಣಿ ದೂಳು ಘನ ಮೀಟರಿಗೆ 148 ಮಿಲಿಗ್ರಾಂ, ಮಿತಿ 150 ಎಂದು ಬರೆದಿದೆ. ನಡುವಿನ ವರ್ಷಗಳ ಕಾಗದವೇ ಇಲ್ಲ.

ಏಜೆಂಟರೊಬ್ಬರು ಮುಂಗಡ ತೆಗೆದುಕೊಂಡು, ಎಲ್ಲ ವರ್ಷಗಳದ್ದೂ ಹಳೆಯ ತಾರೀಖು ಹಾಕಿ ತಯಾರು ಮಾಡಿಕೊಟ್ಟಿದ್ದಾರೆ. ಈ ವರ್ಷದ ಫಾರಂ ಜೊತೆಗೆ ಲ್ಯಾಬಿನ ರಿಪೋರ್ಟೂ ಇದೆ, ಅದರಲ್ಲಿ 147 ಎಂದಿದೆ. ಲ್ಯಾಬಿನವರು ಮಿಲ್ಲಿಗೆ ಬಂದಿದ್ದನ್ನು ನಾನು ನೋಡಿಲ್ಲ. ಚಿಮಣಿಯ ಏಣಿ ತುಕ್ಕು ಹಿಡಿದು ಬಿದ್ದು ವರ್ಷಗಳೇ ಆದವು.

ನಮ್ಮ ಮನೆಯವರು ‘ಸುಮ್ಮನಿರಲಾರದೆ ಇರುವೆ ಬಿಟ್ಟುಕೊಳ್ಳಬೇಡ, ಸಹಿ ಹಾಕಿ ಕಳಿಸು’ ಎನ್ನುತ್ತಾರೆ. ಇತ್ತ ಪಕ್ಕದ ಮಲ್ಲಿಗೆ ತೋಟದ ಕಾಕಾ ಮಳೆಗಾಲದ ಗಾಳಿ ಶುರುವಾದಾಗಿನಿಂದ ದಿನಾ ಬಂದು ಮೊಗ್ಗಿನ ಮೇಲೆ ಬೂದಿ ಕೂತಿರುವುದನ್ನು ತೋರಿಸುತ್ತಾರೆ. ನಮ್ಮ ಮದುವೆಗೆ ಹೂವು ಕೊಟ್ಟ ಮನೆ ಅದು. ಸಹಿ ಹಾಕಲೋ, ಬೇಡವೋ?

— ಹೆಸರು ಬೇಡ, ಹಡಗಲಿ ತಾಲ್ಲೂಕು

ತಂಗಿ, ಹಾಕಬೇಡಿ. ಆ ಕಾಗದದ ಕಟ್ಟನ್ನು ಹಾಗೇ ಎತ್ತಿಟ್ಟು ಈ ವರ್ಷದ ಫಾರಂ ಅನ್ನು ನೀವೇ ತುಂಬಿ. ಜಿಎಸ್‌ಟಿ ತುಂಬುವವರಿಗೆ ಇದು ಕಷ್ಟವಲ್ಲ.

ಏಕೆ ಬೇಡ ಎಂದರೆ, ನಿಮ್ಮ ಪತ್ರದಲ್ಲೇ ಎರಡು ಗುಟ್ಟು ಹೊರಬಿದ್ದಿವೆ. ಒಂದು ಏಣಿ. ಚಿಮಣಿಯ ದೂಳು ಅಳೆಯಬೇಕಾದರೆ ಒಬ್ಬ ಮನುಷ್ಯ ಮೇಲೆ ಹತ್ತಿ, ಚಿಮಣಿಗೆ ಕೊರೆದ ತೂತಿನೊಳಗೆ ಕೊಳವೆ ಇಳಿಬಿಟ್ಟು, ಹೊಗೆಯನ್ನು ಫಿಲ್ಟರ್ ಮೂಲಕ ಎಳೆದು ಆ ಫಿಲ್ಟರ್ ತೂಗಬೇಕು. ಕೆಳಗೆ ನಿಂತು ಕತ್ತೆತ್ತಿ ನೋಡಿದರೆ 147 ಕಾಣುವುದಿಲ್ಲ. ಏಣಿಯೇ ಇಲ್ಲದ ಚಿಮಣಿಯ ರಿಪೋರ್ಟು ಬಂದಿದೆ ಎಂದರೆ ಅದು ಕುರ್ಚಿಯ ಮೇಲೆ ಕೂತು ಬರೆದದ್ದು. ಎರಡನೆಯದು ಆ ಸಂಖ್ಯೆಯೇ. ಮಿತಿ 150, ಅಂದು 148, ಇಂದು 147. ಬಾಯ್ಲರಿನ ಹೊಗೆ ಇಷ್ಟು ಶಿಸ್ತಿನಿಂದ ವರ್ಷಗಟ್ಟಲೆ ಒಂದೇ ಕಡೆ ನಿಲ್ಲುವುದಿಲ್ಲ. ಹೊಟ್ಟು ಹಸಿಯಾದರೆ ಏರುತ್ತದೆ, ಗಾಳಿ ಹೊಂದಿಸಿದರೆ ಇಳಿಯುತ್ತದೆ.

ಈ ‘ಮಿತಿಗಿಂತ ಒಂದೆರಡು ಕಡಿಮೆ’ ರೋಗ ನಿಮ್ಮ ಮಿಲ್ಲಿಗೆ ಮಾತ್ರ ತಗುಲಿದ್ದಲ್ಲ. ಗುಜರಾತ್‌ನಲ್ಲಿ 2009ರಿಂದ 2011ರವರೆಗೆ ಎಸ್ತರ್ ಡುಫ್ಲೋ, ಮೈಕೆಲ್ ಗ್ರೀನ್‌ಸ್ಟೋನ್, ರೋಹಿಣಿ ಪಾಂಡೆ, ನಿಕೋಲಸ್ ರಯಾನ್ ಎಂಬ ಅರ್ಥಶಾಸ್ತ್ರಜ್ಞರು ಅಲ್ಲಿನ ಮಾಲಿನ್ಯ ಮಂಡಳಿಯ ಜೊತೆ ಸೇರಿ ಒಂದು ಪರೀಕ್ಷೆ ನಡೆಸಿದರು. ಕಾರ್ಖಾನೆಯವರೇ ಆರಿಸಿ, ಕಾರ್ಖಾನೆಯವರೇ ಹಣ ಕೊಟ್ಟ ಆಡಿಟರುಗಳ ವರದಿಯಲ್ಲಿ ಚಿಮಣಿಯ ದೂಳು 150ರ ಗೆರೆಯ ಸ್ವಲ್ಪ ಕೆಳಗೇ ಗುಂಪುಗುಂಪಾಗಿ ಬಂದು ಕೂತಿತ್ತು. ಅದೇ ಚಿಮಣಿಗಳನ್ನು ಬೇರೆಯವರು ಮತ್ತೆ ಅಳೆದಾಗ ಸಂಖ್ಯೆಗಳು ಎಲ್ಲೆಲ್ಲೋ ಹರಡಿದ್ದವು, ಎಷ್ಟೋ ಕಡೆ ಗೆರೆ ದಾಟಿದ್ದವು. ಆಡಿಟರನ್ನು ಚೀಟಿ ಎತ್ತಿದ ಹಾಗೆ ಹಂಚಿ, ಹಣವನ್ನು ಒಂದೇ ಕಡೆಯಿಂದ ಕೊಟ್ಟು, ಆಗಾಗ ಮರುಪರೀಕ್ಷೆ ಮಾಡಿದಾಗ ವರದಿ ನಿಜವಾಯಿತು. ಅಷ್ಟೇ ಅಲ್ಲ, ಆ ಕಾರ್ಖಾನೆಗಳ ಮಾಲಿನ್ಯವೂ ಇಳಿಯಿತು. ಈ ಡುಫ್ಲೋ ಅವರಿಗೇ ಮುಂದೆ 2019ರಲ್ಲಿ ನೊಬೆಲ್ ಬಂತು. ನಾನು ಇದನ್ನು ಹೇಳುತ್ತಿರುವುದು ವಿದ್ವತ್ತು ತೋರಿಸಲಲ್ಲ. 147 ಎಂಬ ಸಂಖ್ಯೆ ನೋಡಿದ ಕೂಡಲೇ ಅನುಭವಸ್ಥ ಅಧಿಕಾರಿಯ ಹುಬ್ಬು ಏರುತ್ತದೆ ಎಂದು ನಿಮಗೆ ಗೊತ್ತಿರಲಿ ಎಂದು. ಕೇಂದ್ರ ಸರ್ಕಾರ 2025ರ ಆಗಸ್ಟ್‌ನಲ್ಲಿ ಪರಿಸರ ಆಡಿಟ್ ನಿಯಮಗಳನ್ನೂ ಹೊರಡಿಸಿದೆ. ಇನ್ನು ಮುಂದೆ ನೋಂದಾಯಿತ ಆಡಿಟರುಗಳು ಬಂದು ತಾಳೆ ನೋಡುವ ಕಾಲ. ಏಜೆಂಟರ ಹಳೆಯ ಕಟ್ಟು ಆಗ ಯಾರ ಕೊರಳಿಗೆ ಬೀಳುತ್ತದೆ? ಸಹಿ ಮಾಡಿದವರ ಕೊರಳಿಗೆ.

ಈಗ ಫಾರಂ ವಿಷಯ. ಇದು ಮಂಡಳಿಯವರು ಹಡಗಲಿಯವರಿಗೆಂದೇ ಹಚ್ಚಿದ ತಾಪತ್ರಯವಲ್ಲ. 1984ರ ಭೋಪಾಲ್ ದುರಂತದ ಬಳಿಕ 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳಿಗೆ 1992ರಲ್ಲಿ 14ನೇ ನಿಯಮ ಸೇರಿತು. ಮೊದಲು ಅದನ್ನು ಪರಿಸರ ಆಡಿಟ್ ಎಂದು ಕರೆದರು, 1993ರ ತಿದ್ದುಪಡಿಯಲ್ಲಿ ಪರಿಸರ ಹೇಳಿಕೆ ಎಂದು ಹೆಸರು ಬದಲಾಯಿಸಿ ಕೊನೆಯ ದಿನವನ್ನು ಸೆಪ್ಟೆಂಬರ್ 30 ಮಾಡಿದರು. ಭೋಪಾಲ್ ನಂತರ ಅಮೆರಿಕದವರೂ ಅದೇ 1986ರಲ್ಲಿ ಕಾರ್ಖಾನೆಗಳು ಪ್ರತಿ ವರ್ಷ ವಿಷವಸ್ತುಗಳ ಲೆಕ್ಕ ಒಪ್ಪಿಸಬೇಕು, ಆ ಲೆಕ್ಕ ಊರಿನವರಿಗೂ ಸಿಗಬೇಕು ಎಂದು ಕಾನೂನು ಮಾಡಿದರು. ಅಲ್ಲಿನ ಗಡುವು ಜುಲೈ 1. ನಮ್ಮಲ್ಲಿ ಯಾರು ಕೊಡಬೇಕು? ವಾಯು ಕಾಯ್ದೆಯ 21ನೇ ಕಲಮಿನ ಸಮ್ಮತಿ, ಜಲ ಕಾಯ್ದೆಯ 25ನೇ ಕಲಮಿನ ಸಮ್ಮತಿ, ಇಲ್ಲವೇ ಅಪಾಯಕಾರಿ ತ್ಯಾಜ್ಯದ ಅನುಮತಿ, ಈ ಮೂರರಲ್ಲಿ ಯಾವುದೊಂದು ಬೇಕಾದ ಉದ್ದಿಮೆಯೂ ಕೊಡಬೇಕು. ಮಾರ್ಚ್ 31ಕ್ಕೆ ಮುಗಿದ ಹಣಕಾಸು ವರ್ಷದ ಲೆಕ್ಕ ಆ ಸೆಪ್ಟೆಂಬರ್ 30ರೊಳಗೆ ಮಂಡಳಿಗೆ ಹೋಗಬೇಕು.

ಫಾರಂನಲ್ಲಿ ಎ ಇಂದ ಐ ವರೆಗೆ ಒಂಬತ್ತು ಭಾಗಗಳಿವೆ. ಹೆಸರು ವಿಳಾಸ ನಿಮಗೆ ಗೊತ್ತು. ನೀರು ಮತ್ತು ಕಚ್ಚಾ ಮಾಲಿನ ಬಳಕೆ ಬಿ ಭಾಗದಲ್ಲಿ: ಭತ್ತ ಎಷ್ಟು ಬಂತು, ಒಂದು ಟನ್ ಅಕ್ಕಿಗೆ ಎಷ್ಟು ನೀರು ಹೋಯಿತು, ಹಿಂದಿನ ವರ್ಷ ಎಷ್ಟಿತ್ತು. ಹೊಗೆಯ ಲೆಕ್ಕ ಸಿ ಭಾಗದಲ್ಲಿ. ಜನರೇಟರ್ ಎಣ್ಣೆಯಂಥ ಅಪಾಯಕಾರಿ ತ್ಯಾಜ್ಯ ಡಿ ಭಾಗಕ್ಕೆ, ಬೂದಿಯಂಥ ಘನ ತ್ಯಾಜ್ಯ ಇ ಭಾಗಕ್ಕೆ, ಅದನ್ನು ಏನು ಮಾಡುತ್ತೀರಿ ಎಂಬುದು ಎಫ್ ಭಾಗಕ್ಕೆ. ಉಳಿದ ಮೂರರಲ್ಲಿ ಮಾಲಿನ್ಯ ತಡೆಗೆ ಮಾಡಿದ ಖರ್ಚು, ಅದರ ಫಲ, ಮುಂದಿನ ಯೋಜನೆ.

ಜನ ತಪ್ಪುವುದು ಸಿ ಮತ್ತು ಇ ಭಾಗಗಳಲ್ಲಿ. ಆದ್ದರಿಂದ ಅಲ್ಲಿ ಸ್ವಲ್ಪ ಹೊತ್ತು ಕೂರೋಣ.

ಸಿ ಭಾಗ ಎರಡು ಅಂಕಿ ಕೇಳುತ್ತದೆ. ಒಂದು, ಹೊಗೆಯ ಒಂದು ಘನ ಮೀಟರಿನಲ್ಲಿ ಎಷ್ಟು ಮಿಲಿಗ್ರಾಂ ದೂಳು. ಇನ್ನೊಂದು, ದಿನಕ್ಕೆ ಒಟ್ಟು ಎಷ್ಟು ದೂಳು. ಮೊದಲನೆಯದನ್ನು ಲ್ಯಾಬ್ ಕೊಡುತ್ತದೆ, ಜೊತೆಗೆ ತಾಸಿಗೆ ಎಷ್ಟು ಘನ ಮೀಟರ್ ಹೊಗೆ ಹೊರಡುತ್ತದೆ ಎಂಬುದನ್ನೂ ಕೊಡುತ್ತದೆ. ಎರಡನೆಯದು ಗುಣಾಕಾರ. ನಿಮ್ಮಂಥ ಬಾಯ್ಲರಿನ ಹೊಗೆ ತಾಸಿಗೆ 1,600 ಘನ ಮೀಟರ್, ದೂಳು 147 ಮಿಲಿಗ್ರಾಂ ಎಂದು ಇಟ್ಟುಕೊಳ್ಳಿ. ತಾಸಿಗೆ 235 ಗ್ರಾಂ. ಹತ್ತು ತಾಸಿಗೆ 2 ಕೆ.ಜಿ. 350 ಗ್ರಾಂ. ಅಂದರೆ ಏಜೆಂಟರ ಫಾರಂ ಪ್ರಕಾರ ನಿಮ್ಮ ಚಿಮಣಿಯಿಂದ ದಿನಕ್ಕೆ ಎರಡೂಕಾಲು ಕೆ.ಜಿ. ಚಿಲ್ಲರೆ ದೂಳು ಮಾತ್ರ ಹೊರಗೆ ಹೋಗುತ್ತದೆ.

ಈಗ ಇದನ್ನು ಬೂದಿಯ ಕಡೆಯಿಂದ ನೋಡಿ. ಭತ್ತದ ಹೊಟ್ಟು ಉರಿದ ಮೇಲೆ ತೂಕದ ಐದನೇ ಒಂದು ಪಾಲಿನಷ್ಟು, ಕೆಲವೊಮ್ಮೆ ಸ್ವಲ್ಪ ಕಡಿಮೆ, ಬೂದಿಯಾಗಿ ಉಳಿಯುತ್ತದೆ. ಅದರಲ್ಲಿ ಬಹುಪಾಲು ಸಿಲಿಕಾ, ಅದು ಉರಿದು ಮಾಯವಾಗುವ ವಸ್ತುವಲ್ಲ. ತಾಸಿಗೆ 200 ಕೆ.ಜಿ. ಹೊಟ್ಟೆಂದರೆ 40 ಕೆ.ಜಿ. ಬೂದಿ. ದಿನಕ್ಕೆ 400 ಕೆ.ಜಿ. ವರ್ಷಕ್ಕೆ 480 ಟನ್ ಹೊಟ್ಟು, 96 ಟನ್ ಬೂದಿ. ನಿಮ್ಮ ಹಳೆಯ ಫಾರಂನ ಇ ಭಾಗದಲ್ಲಿ ಬೂದಿ ಎಷ್ಟೆಂದು ಬರೆದಿದೆ, ತೆಗೆದು ನೋಡಿ. ಇಂಥ ಫಾರಂಗಳಲ್ಲಿ ‘5 ಟನ್, ಗೊಬ್ಬರಕ್ಕೆ ಕೊಡಲಾಗಿದೆ’ ಎಂಬ ಸಾಲು ಬಹಳ ಪ್ರಸಿದ್ಧ. ಉಳಿದ 91 ಟನ್ ಎಲ್ಲಿ ಹೋಯಿತು ಎಂದು ಯಾರಾದರೂ ಕೇಳಿದರೆ ಉತ್ತರವಿಲ್ಲ.

ಆದ್ದರಿಂದ ಒಂದು ವಾರ ಈ ಕೆಲಸ ಮಾಡಿ. ಬಾಯ್ಲರಿನ ಕೆಳಗಿನ ಗುಂಡಿಯಿಂದ ತೆಗೆದ ಬೂದಿ, ಹೊಗೆಯಿಂದ ಬೂದಿ ಬೇರ್ಪಡಿಸುವ ಸೈಕ್ಲೋನ್ ಕೆಳಗೆ ಬಿದ್ದ ಬೂದಿ, ಎರಡನ್ನೂ ಬೇರೆಬೇರೆ ತೂಗಿಸಿ. ಟ್ರ್ಯಾಕ್ಟರ್ ತುಂಬಿದರೆ ವೇಬ್ರಿಡ್ಜ್‌ಗೆ ಕಳಿಸಿ ಚೀಟಿ ಇಟ್ಟುಕೊಳ್ಳಿ. ನೀರು ಹೊಡೆದು ಆರಿಸಿದ ಬೂದಿಯನ್ನು ತೂಗಬೇಡಿ, ನೀರಿನ ತೂಕ ಸೇರಿ ಲೆಕ್ಕ ಕೆಡುತ್ತದೆ. ಕರಿ ಬೂದಿ ಬರುತ್ತಿದ್ದರೆ ಹೊಟ್ಟು ಪೂರ್ತಿ ಉರಿದಿಲ್ಲ, ಅಲ್ಲಿ ತೂಕ ಸ್ವಲ್ಪ ಹೆಚ್ಚೇ ಬರುತ್ತದೆ. ಅಟೆಂಡೆಂಟ್ ಹೇಳಿದ ಎರಡು ಕ್ವಿಂಟಲ್ ನಿಜವೇ ಎಂಬುದನ್ನೂ ಚೀಲ ಎಣಿಸಿ ನೋಡಿ. ವಾರದ ಕೊನೆಗೆ ದಿನಕ್ಕೆ 400 ಕೆ.ಜಿ. ಬರಬೇಕಾದಲ್ಲಿ 390 ಬಂದರೆ ಚಿಂತೆಯಿಲ್ಲ, ತೂಕದಲ್ಲಿ ಅಷ್ಟು ಏರುಪೇರು ಇದ್ದದ್ದೇ. 300 ಬಂದರೆ? ನೂರು ಕೆ.ಜಿ. ಬೂದಿ ಚಿಮಣಿಯಿಂದ ಹೊರಟು ಎಲ್ಲೋ ಇಳಿದಿದೆ. ಫಾರಂನ ಎರಡೂಕಾಲು ಕೆ.ಜಿ.ಗೂ ಈ ನೂರು ಕೆ.ಜಿ.ಗೂ ನಡುವೆ ಇರುವುದೇ ನಿಮ್ಮ ಕಾಕಾ ತೋರಿಸುತ್ತಿರುವ ಮೊಗ್ಗು.

ಬಿ.ಕಾಂ. ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಬಂದದ್ದು ಹೋದದ್ದು ತಾಳೆಯಾಗದ ಖಾತೆಗೆ ನೀವು ಜಿಎಸ್‌ಟಿಯಲ್ಲಿ ಸಹಿ ಹಾಕುವುದಿಲ್ಲ.

ಇನ್ನು ಚಿಮಣಿ ಅಳತೆ. ಏಣಿ ಮತ್ತು ಒಬ್ಬರು ನಿಂತು ಕೆಲಸ ಮಾಡುವಂಥ ಅಟ್ಟಣಿಗೆ ಕಟ್ಟಿಸಿ, ಸುತ್ತ ಕಂಬಿಯ ಗಟ್ಟಿ ತಡೆ ಇರಲಿ. ಅಳೆಯುವ ತೂತು ಎಲ್ಲೆಂದರಲ್ಲಿ ಕೊರೆಯುವಂತಿಲ್ಲ. ಹೊಗೆ ತಿರುವು ತೆಗೆದುಕೊಂಡ ಜಾಗದಿಂದ ಚಿಮಣಿಯ ವ್ಯಾಸದ ಎಂಟು ಪಟ್ಟು ಮೇಲೆ, ಚಿಮಣಿಯ ತುದಿಯಿಂದ ಎರಡು ಪಟ್ಟು ಕೆಳಗೆ ಇರಬೇಕು ಎಂಬುದು ರೂಢಿಯ ನಿಯಮ. ಅರ್ಧ ಮೀಟರ್ ವ್ಯಾಸದ ಚಿಮಣಿಗೆ ಅದು ತಿರುವಿನಿಂದ 4 ಮೀಟರ್ ಮೇಲೆ, ತುದಿಯಿಂದ 1 ಮೀಟರ್ ಕೆಳಗೆ. ಅಲ್ಲಿ ಹೊಗೆ ಸುಳಿಯಿಲ್ಲದೆ ನೇರ ಸಾಗುತ್ತದೆ, ಅಳತೆ ನಂಬಬಹುದು. ಲ್ಯಾಬು ಪರಿಸರ ಸಂರಕ್ಷಣಾ ಕಾಯ್ದೆಯಡಿ ಮಾನ್ಯತೆ ಪಡೆದದ್ದೇ ಎಂದು ಕೇಳಿ ಖಾತ್ರಿ ಮಾಡಿಕೊಳ್ಳಿ. ಅವರು ಬಂದ ದಿನ ಬಾಯ್ಲರ್ ಎಂದಿನ ಹಾಗೆಯೇ ಓಡಲಿ. ಅಟೆಂಡೆಂಟ್ ಅಂದು ಹೊಟ್ಟು ಕಡಿಮೆ ಹಾಕಿ ಜಾಣತನ ತೋರಿಸದಂತೆ ನೋಡಿಕೊಳ್ಳಿ. ತಾಸಿಗೆ ಎಷ್ಟು ಹೊಟ್ಟು ಹೋಗುತ್ತಿತ್ತು ಎಂಬುದನ್ನು ರಿಪೋರ್ಟಿನಲ್ಲೇ ಬರೆಸಿ.

ಅಳತೆ 150 ದಾಟಿದರೆ? ಆಗ ದಾಟಿದ್ದನ್ನೇ ಬರೆಯಿರಿ. ಸಿ ಭಾಗದ ಕೊನೆಯ ಕಾಲಂ ನೋಡಿ: ‘ನಿಗದಿತ ಮಾನಕದಿಂದ ಶೇಕಡಾ ವ್ಯತ್ಯಾಸ, ಕಾರಣಸಹಿತ’. ಯಾರೂ ಮಿತಿ ದಾಟುವುದೇ ಇಲ್ಲ ಎಂದು ಸರ್ಕಾರ ನಂಬಿದ್ದರೆ ಕಾರಣ ಬರೆಯಲು ಜಾಗ ಬಿಡುತ್ತಿರಲಿಲ್ಲ. ಕಾರಣ ಬರೆದು, ಮುಂದಿನ ಯೋಜನೆಯ ಎಚ್ ಭಾಗದಲ್ಲಿ ‘ಸೈಕ್ಲೋನ್ ದುರಸ್ತಿ, ಇಂಥ ತಿಂಗಳೊಳಗೆ, ಇಷ್ಟು ಖರ್ಚು’ ಎಂದು ಬರೆಯಿರಿ. ನೋಟಿಸ್ ಬರುವುದಿಲ್ಲವೇ ಎಂದರೆ, ಬರಬಹುದು. ವಾಯು ಕಾಯ್ದೆಯ 31ಎ ಕಲಮಿನಲ್ಲಿ ಮಿಲ್ಲು ಮುಚ್ಚಿಸುವ, ಕರೆಂಟ್ ಕಡಿಸುವ ಅಧಿಕಾರವೂ ಮಂಡಳಿಗೆ ಇದೆ, ಅದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಆದರೆ ತಾನೇ ಬಾಯಿಬಿಟ್ಟು ಹೇಳಿ, ದುರಸ್ತಿಗೆ ತಾರೀಖು ಕೊಟ್ಟವರ ನೋಟಿಸಿಗೆ ಉತ್ತರ ಮೊದಲೇ ತಯಾರಿರುತ್ತದೆ. 147 ಎಂದು ಬರೆದುಕೊಟ್ಟ ಮೇಲೆ ಅಧಿಕಾರಿ ಬಂದು ಅಳೆದು 600 ಸಿಕ್ಕರೆ ಹೇಳಲು ನಿಮ್ಮ ಬಳಿ ಏನಿರುತ್ತದೆ?

ಮನೆಯವರ ಭಯ ನನಗೆ ಅರ್ಥವಾಗುತ್ತದೆ. ಇಷ್ಟು ವರ್ಷ ಯಾರೂ ಕೇಳಲಿಲ್ಲ, ಈಗ ನಾವೇ ಹೋಗಿ ತಟ್ಟಿದರೆ ಹಳೆಯದೆಲ್ಲ ಎದ್ದು ಬರುತ್ತದೆ ಎಂಬ ಭಯ. ಅವರಿಗೆ ಎರಡು ಮಾತು ಹೇಳಿ. ಸಿಎಫ್‌ಓ ನವೀಕರಣಕ್ಕೆ ಹೋದಾಗ ಷರತ್ತು ಪಾಲಿಸಿದ್ದೀರಾ ಎಂದು ಹೇಗೂ ಕೇಳುತ್ತಾರೆ, ಆ ದಿನ ದೂರವಿಲ್ಲ. ಇನ್ನೊಂದು, ಮೊದಲು ಪರಿಸರ ಸಂರಕ್ಷಣಾ ಕಾಯ್ದೆಯಲ್ಲಿ ಐದು ವರ್ಷದವರೆಗೆ ಜೈಲಿನ ಮಾತಿತ್ತು. 2023ರ ಜನವಿಶ್ವಾಸ ಕಾಯ್ದೆಯ ತಿದ್ದುಪಡಿ 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಇಂಥ ಲೋಪಕ್ಕೆ ದಂಡ, ಹತ್ತು ಸಾವಿರದಿಂದ ಹದಿನೈದು ಲಕ್ಷ ರೂಪಾಯಿವರೆಗೆ. ಅದನ್ನು ತೀರ್ಮಾನಿಸುವವರು ವಿಚಾರಣೆ ನಡೆಸಿ, ನಿಮ್ಮ ಮಾತು ಕೇಳಿಯೇ ತೀರ್ಮಾನಿಸಬೇಕು. ಜೈಲು ತೆಗೆದದ್ದು ನೆಮ್ಮದಿಯೇನೋ ಹೌದು, ಆದರೆ ದಂಡ ಹಾಕುವುದು ಮೊದಲಿಗಿಂತ ಸಲೀಸಾಯಿತು ಎಂಬುದು ನನ್ನ ಅಭಿಪ್ರಾಯ. ಕೋರ್ಟಿಗೆ ಅಲೆಯಲು ಬೇಸತ್ತು ಬಿಡುತ್ತಿದ್ದ ಪ್ರಕರಣಗಳೂ ಇನ್ನು ಮೇಜಿನ ಮೇಲೆ ಮುಗಿಯುತ್ತವೆ.

ತಪ್ಪಿದ ವರ್ಷಗಳಿಗೆ ಹಳೆಯ ತಾರೀಖು ಹಾಕಲೇಬೇಡಿ. ಅದು ತಡವಾದದ್ದನ್ನು ಸುಳ್ಳಾಗಿಸುತ್ತದೆ. ಅದರ ಬದಲು ಇಂದಿನ ತಾರೀಖಿನಲ್ಲಿ ಒಂದು ಕಾಗದ ಬರೆಯಿರಿ: ಮಿಲ್ಲಿನ ಉಸ್ತುವಾರಿ ಹೊಸಬರ ಕೈಗೆ ಬಂದಿದೆ, ಇಂತಿಂಥ ವರ್ಷಗಳ ಹೇಳಿಕೆ ಸಲ್ಲಿಸಿದ ದಾಖಲೆ ಸಿಕ್ಕಿಲ್ಲ, ಭತ್ತದ ಖರೀದಿ, ಕರೆಂಟ್ ಬಿಲ್ಲು, ಹೊಟ್ಟು ಮಾರಿದ ರಸೀದಿ ಆಧಾರದ ಮೇಲೆ ಸಿಕ್ಕಷ್ಟು ವಿವರ ಲಗತ್ತಿಸಿದ್ದೇವೆ ಎಂದು. ಆ ವರ್ಷಗಳಲ್ಲಿ ಚಿಮಣಿ ಅಳೆದಿಲ್ಲವಾದರೆ ಆ ಜಾಗದಲ್ಲಿ ‘ಮಾಪನ ನಡೆದಿಲ್ಲ’ ಎಂದು ಬರೆಯಿರಿ. ಎರಡೇ ಪದ. ಬರೆಯಲು ಕೈ ನಡುಗುತ್ತದೆ, ಗೊತ್ತು. ಆನ್‌ಲೈನ್‌ನಲ್ಲಿ ಹಾಕಿದರೆ ಸ್ವೀಕೃತಿಯ ಪ್ರಿಂಟ್, ಕಚೇರಿಗೆ ಕೊಟ್ಟರೆ ಸೀಲು ಬಿದ್ದ ಪ್ರತಿ, ಯಾವುದಾದರೊಂದು ಫೈಲಿಗೆ ಸೇರಲಿ. ಜನರೇಟರಿನ ಸುಟ್ಟ ಎಣ್ಣೆಗೆ ನಿಮ್ಮ ಹೆಸರಲ್ಲಿ ಅಪಾಯಕಾರಿ ತ್ಯಾಜ್ಯದ ಅನುಮತಿ ಇದ್ದರೆ ಅದರ ವಾರ್ಷಿಕ ಲೆಕ್ಕ ಬೇರೆ, ಫಾರಂ 4, ಜೂನ್ 30ರ ಗಡುವು. ಅದೂ ಬಾಕಿ ಇರಬಹುದು, ಹುಡುಕಿ. ಜನರೇಟರ್ ಎಂದ ಮೇಲೆ ಅದರ ಹೊಗೆಕೊಳವೆಯನ್ನೂ ಒಮ್ಮೆ ನೋಡಿ: 100 ಕೆವಿಎ ಯಂತ್ರವಾದರೆ ಕೊಳವೆ ಕಟ್ಟಡಕ್ಕಿಂತ ಕನಿಷ್ಠ 2 ಮೀಟರ್ ಮೇಲಿರಬೇಕು.

ಕಾಕಾನ ವಿಷಯ. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ತಾಕಿದ್ದು ಅದೇ. ಹಡಗಲಿ ಮಲ್ಲಿಗೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ, ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆಯ ಸಾಲಿನಲ್ಲಿ ಅದರ ಹೆಸರು ಬರುತ್ತದೆ. ಮೊಗ್ಗಿನಲ್ಲೇ ಬಿಡಿಸಿ ಮಾರುವ ಹೂವು. ತೊಳೆದರೆ ಬಾಡುತ್ತದೆ, ತೊಳೆಯದಿದ್ದರೆ ಬೂದಿ ಕಾಣುತ್ತದೆ. ವ್ಯಾಪಾರಿ ದರ ಇಳಿಸಲು ಅಷ್ಟು ನೆಪ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಸೀಮೆಯಲ್ಲಿ ಗಾಳಿ ಪಡುವಣದಿಂದ ಬೀಸುತ್ತದೆ. ಹರಪನಹಳ್ಳಿ, ಹಡಗಲಿ ಕಡೆಯ ಗುಡ್ಡಗಳ ಮೇಲೆ ಗಾಳಿಯಂತ್ರಗಳು ನಿಂತಿರುವುದು ಆ ಗಾಳಿಯನ್ನು ನಂಬಿಯೇ. ತೋಟ ಮಿಲ್ಲಿನ ಮೂಡಣಕ್ಕಿದ್ದರೆ ಕಾಕಾ ಹೇಳುವುದು ಉತ್ಪ್ರೇಕ್ಷೆಯಲ್ಲ.

ಮೊದಲು ಸೈಕ್ಲೋನ್ ನೋಡಿಸಿ. ಅದರ ಕೆಳಬಾಯಿಯ ಮುಚ್ಚಳ ಸೋರಿದರೆ ಹೊರಗಿನ ಗಾಳಿ ಒಳಗೆ ನುಗ್ಗಿ, ಹಿಡಿದ ಬೂದಿಯನ್ನೇ ಮತ್ತೆ ಮೇಲಕ್ಕೆ ಎತ್ತಿ ಚಿಮಣಿಗೆ ಕಳಿಸುತ್ತದೆ. ಬೂದಿ ತುಂಬಿ ಕಟ್ಟಿಕೊಂಡರೂ ಅದೇ ಕಥೆ. ಎಷ್ಟೋ ಮಿಲ್ಲುಗಳಲ್ಲಿ ದೊಡ್ಡ ಖರ್ಚಿಲ್ಲದೆ ಮುಚ್ಚಳ ಬದಲಿಸಿ, ಪ್ರತಿ ಪಾಳಿಗೆ ಬೂದಿ ಇಳಿಸುವ ಶಿಸ್ತು ತಂದರೆ ಅರ್ಧ ತಾಪತ್ರಯ ಕಡಿಮೆಯಾಗುತ್ತದೆ. ಬಹಳ ನಯವಾದ ದೂಳು ಸೈಕ್ಲೋನ್‌ಗೆ ಸಿಗುವುದಿಲ್ಲ, ಅದಕ್ಕೆ ಬ್ಯಾಗ್ ಫಿಲ್ಟರ್ ಅಥವಾ ನೀರಿನ ಸ್ಕ್ರಬ್ಬರ್ ಬೇಕಾಗುತ್ತದೆ. ಅದು ಲಕ್ಷಗಳ ಮಾತು, ಅಳತೆ ನೋಡಿದ ಮೇಲೆ ತೀರ್ಮಾನಿಸಿ. ಅಂಗಳದಲ್ಲಿ ಬಯಲಿಗೆ ಸುರಿದ ಬೂದಿಯ ರಾಶಿ ಇದೆಯೇ? ಇದ್ದರೆ ಕಾಕಾನ ತೋಟಕ್ಕೆ ಹೋಗುತ್ತಿರುವುದರಲ್ಲಿ ಅದರದ್ದೂ ಪಾಲಿದೆ. ತಾಡಪತ್ರಿ ಹೊದಿಸಿ, ಇಟ್ಟಿಗೆ ಭಟ್ಟಿಯವರಿಗೆ ಬೇಗ ಸಾಗಿಸಿ, ಯಾರಿಗೆ ಎಷ್ಟು ಕೊಟ್ಟಿರಿ ಎಂಬ ಚೀಟಿ ಎಫ್ ಭಾಗಕ್ಕೆ ಆಧಾರವಾಗಲಿ.

ಇನ್ನೊಂದು ಸಂಗತಿ ನಿಮ್ಮ ಮನೆಯವರ ಕಿವಿಗೂ ಬೀಳಲಿ. ನೀವು ಸಲ್ಲಿಸಿದ ಫಾರಂ ಸರ್ಕಾರಿ ದಾಖಲೆ. ಕಾಕಾನ ಮಗನೋ ಮೊಮ್ಮಗನೋ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದರೆ ಅದರ ಪ್ರತಿ ಕೇಳಿ ಪಡೆಯಬಹುದು. ‘ದಿನಕ್ಕೆ ಎರಡೂಕಾಲು ಕೆ.ಜಿ.’ ಎಂಬ ಸಾಲನ್ನು ಅವರು ತೋಟದಲ್ಲಿ ಕೂತು ಓದಿದರೆ ಏನಾಗುತ್ತದೆ ಎಂದು ಯೋಚಿಸಿ. ಬೂದಿ ತೂಗುವ ವಾರ ಕಾಕಾನನ್ನೂ ಕರೆಯಿರಿ, ತೂಕದ ಚೀಟಿ ಅವರ ಕೈಗೂ ಒಂದು ಪ್ರತಿ ಕೊಡಿ. ನಷ್ಟದ ಮಾತು ಬಂದರೆ ಮುಂದಿನ ಹಂಗಾಮಿನ ಹೂವಿನ ಲೆಕ್ಕಕ್ಕೆ ಬೇಕಾದ ಆಧಾರ ಇಬ್ಬರಿಗೂ ಒಂದೇ ಇರುತ್ತದೆ.

ಇದೇ ಗಡುವಿನ ಬಗ್ಗೆ ಬೇರೆ ತಾಲ್ಲೂಕಿನವರೂ ಕೇಳುತ್ತಿರುತ್ತಾರೆ, ಅವರಿಗೂ ಇಲ್ಲೇ ನಾಲ್ಕು ಮಾತು. ಕೂಡ್ಲಿಗಿ, ಕೊಟ್ಟೂರು ಕಡೆಯ ಜಲ್ಲಿ ಕ್ರಷರಿನವರಿಗೆ ಚಿಮಣಿ ಇಲ್ಲ, ಆದರೂ ಲೆಕ್ಕ ತಪ್ಪಿದ್ದಲ್ಲ. ಯಂತ್ರದಿಂದ 3ರಿಂದ 10 ಮೀಟರ್ ದೂರದಲ್ಲಿ ಅಳೆದಾಗ ದೂಳು ಘನ ಮೀಟರಿಗೆ 600 ಮೈಕ್ರೋಗ್ರಾಂ ಮೀರಬಾರದು. ಗಾಳಿ ತಡೆಯುವ ಗೋಡೆ, ನೀರು ಸಿಂಪಡಣೆ, ಆವರಣದೊಳಗೆ ಗಟ್ಟಿ ರಸ್ತೆ, ಸುತ್ತ ಗಿಡಗಳ ಸಾಲು ಇವೆಲ್ಲ ಷರತ್ತಿನಲ್ಲೇ ಇರುತ್ತವೆ. 2011ರ ಕರ್ನಾಟಕ ಜಲ್ಲಿ ಕ್ರಷರ್ ನಿಯಂತ್ರಣ ಕಾಯ್ದೆಯ ಲೈಸೆನ್ಸು ಕೈಯಲ್ಲಿದೆ ಎಂದು ಮಂಡಳಿಯ ಫಾರಂ ಬಿಡುವಂತಿಲ್ಲ, ಎರಡೂ ಬೇರೆ. ಸಕ್ಕರೆ ಕಾರ್ಖಾನೆಗಳಲ್ಲಿ ಚಿಮಣಿಗೆ ನಿರಂತರ ಅಳೆಯುವ ಯಂತ್ರ ಕೂರಿಸಿ ನೇರ ಮಂಡಳಿಗೆ ಅಂಕಿ ಹೋಗುವ ವ್ಯವಸ್ಥೆ ಇದೆ, ಅಲ್ಲಿ ಕೈಬರಹದ ಜಾಣತನ ನಡೆಯುವುದು ಕಷ್ಟ. ಹಗರಿಬೊಮ್ಮನಹಳ್ಳಿಯ ಮಿಲ್ಲುಗಳವರಿಗೆ ಮೇಲಿನ ಬೂದಿ ಲೆಕ್ಕ ಹಾಗೇ ಅನ್ವಯಿಸುತ್ತದೆ.

ಹರಪನಹಳ್ಳಿಯವರದು ಬೇರೆಯೇ ಗೋಳು. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ, ಆಮೇಲೆ ಮತ್ತೆ ಬಳ್ಳಾರಿಗೆ, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಎಂದು ತಾಲ್ಲೂಕು ಮೂರು ಕೈ ದಾಟಿತು. ಹಳೆಯ ಸಮ್ಮತಿ ಪತ್ರದ ಮೇಲೆ ಒಂದು ಪ್ರಾದೇಶಿಕ ಕಚೇರಿ, ಹೊಸ ನೋಟಿಸಿನ ಮೇಲೆ ಇನ್ನೊಂದು. ಇಂಥವರು ಫಾರಂ ಯಾವ ಕಚೇರಿಗೆ ಎಂದು ಲಿಖಿತವಾಗಿ ಕೇಳಿ ಉತ್ತರ ಇಟ್ಟುಕೊಳ್ಳಿ. ಉತ್ತರ ಬರುವವರೆಗೆ ಎರಡೂ ಕಡೆ ಪ್ರತಿ ಕಳಿಸುವುದು ಕ್ಷೇಮ.

ಕೊನೆಗೆ ಸಹಿ ಯಾರದು ಎಂಬ ಪ್ರಶ್ನೆ, ನೀವು ಕೇಳಿಲ್ಲ ಆದರೆ ಬರುತ್ತದೆ. ಫಾರಂನ ಕೆಳಗೆ ಉದ್ದಿಮೆ ನಡೆಸುವವರ ಸಹಿ ಬೇಕು. ಸಮ್ಮತಿ ಪತ್ರ ಮಾವನವರ ಹೆಸರಲ್ಲಿದ್ದು, ಮಿಲ್ಲು ಇನ್ನೂ ಅವರ ಹೆಸರಲ್ಲೇ ಇದ್ದರೆ ನಿಮಗೆ ಅಧಿಕಾರ ಪತ್ರ ಬರೆಸಿಕೊಳ್ಳಿ. ಅವರ ಕೈ ಹಿಡಿದು ಹೆಬ್ಬೆಟ್ಟು ಒತ್ತಿಸುವುದು ಬೇಡ. ಮಿಲ್ಲು ನಿಮ್ಮ ಹೆಸರಿಗೋ ನಿಮ್ಮ ಮನೆಯವರ ಹೆಸರಿಗೋ ವರ್ಗವಾದರೆ ವಾಯು ಕಾಯ್ದೆಯ 21ನೇ ಕಲಮಿನ ಪ್ರಕಾರ ಆ ಸಮ್ಮತಿ ಹೊಸಬರಿಗೇ ಕೊಟ್ಟಂತೆ ಆಗುತ್ತದೆ, ಷರತ್ತುಗಳೂ ಅವರಿಗೇ ಅಂಟಿಕೊಳ್ಳುತ್ತವೆ. ಮಂಡಳಿಗೆ ಒಂದು ಕಾಗದ ಹಾಕಿ ಹೆಸರು ಬದಲಾಯಿಸಿಕೊಳ್ಳಿ.

ಏಜೆಂಟರಿಗೆ ಕೊಟ್ಟ ಮುಂಗಡದ ಮೇಲೆ ಆಸೆ ಬಿಡಿ. ಆದರೆ ಅವರು ತಯಾರಿಸಿದ ಕಟ್ಟನ್ನು ನಿಮ್ಮ ಹೆಸರಿನಲ್ಲಿ ಎಲ್ಲೂ ಸಲ್ಲಿಸಕೂಡದು ಎಂದು ಒಂದು ಮೆಸೇಜ್ ಕಳಿಸಿ, ಅದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಆನ್‌ಲೈನ್ ಖಾತೆಯ ಪಾಸ್‌ವರ್ಡ್ ಅವರ ಬಳಿ ಇರುವ ಸಾಧ್ಯತೆ ಹೆಚ್ಚು. ಇವತ್ತೇ ಬದಲಿಸಿ.